ಚಲಿಸುವ ಭಾಗವೇ ಇಲ್ಲದ ಪಂಪು: ವಿದ್ಯುತ್ ಕ್ಷೇತ್ರ ದ್ರವವನ್ನು ಹೇಗೆ ತಳ್ಳುತ್ತದೆ, ಶಾಖವನ್ನು ಹೇಗೆ ಸಾಗಿಸುತ್ತದೆ

ಒಂದು ಸರ್ಕ್ಯೂಟ್ ಬೋರ್ಡು. ಅದರ ಮೇಲೆ ತಾಮ್ರದ ಪಟ್ಟಿಗಳ ಸಾಲು: ಒಂದು ಸಪೂರ, ಪಕ್ಕದಲ್ಲೇ ಒಂದು ಅಗಲ, ಸ್ವಲ್ಪ ಜಾಗ ಬಿಟ್ಟು ಮತ್ತೆ ಒಂದು ಸಪೂರ, ಒಂದು ಅಗಲ. ಇದರ ಮೇಲೆ ಒಂದು ಮಿಲಿಮೀಟರ್ ಆಳದ ಕಾಲುವೆ, ಕಾಲುವೆಯ ತುಂಬ ವಿದ್ಯುತ್ತನ್ನು ಹೆಚ್ಚುಕಡಿಮೆ ಹರಿಯಗೊಡದ ತಿಳಿಯಾದ ದ್ರವ. ಸಪೂರ ಪಟ್ಟಿಗಳಿಗೆಲ್ಲ ಗ್ರೌಂಡ್, ಅಗಲದವಕ್ಕೆಲ್ಲ ಸಾವಿರದೈನೂರು ವೋಲ್ಟ್ ಕೊಟ್ಟ ಕೂಡಲೇ ದ್ರವ ಸಪೂರ ಪಟ್ಟಿಯ ಕಡೆಯಿಂದ ಅಗಲದ ಪಟ್ಟಿಯ ಕಡೆಗೆ ಹರಿಯತೊಡಗುತ್ತದೆ. ಮೋಟಾರಿಲ್ಲ, ರೆಕ್ಕೆಯಿಲ್ಲ, ವಾಲ್ವಿಲ್ಲ, ಸದ್ದೂ ಇಲ್ಲ. ವೋಲ್ಟೇಜ್ ತೆಗೆದರೆ ನಿಂತುಬಿಡುತ್ತದೆ.

ಇದಕ್ಕೆ ಎಲೆಕ್ಟ್ರೋಹೈಡ್ರೋಡೈನಮಿಕ್ ಪಂಪು ಎಂದು ಹೆಸರು, ಚಿಕ್ಕದಾಗಿ ಇಎಚ್‌ಡಿ. ನೋಡಿದವರಿಗೆ ಮೊದಲು ಹೊಳೆಯುವುದು, ಇದನ್ನು ಮಾಮೂಲಿ ಪಂಪಿನ ಜಾಗಕ್ಕೆ ಇಟ್ಟುಬಿಡಬಹುದಲ್ಲ ಎಂದು. ಆ ನಿರೀಕ್ಷೆಯೇ ತಪ್ಪು. ಒತ್ತಡ ಹುಟ್ಟಿಸುವ ವಿಷಯದಲ್ಲಿ ಇದು ಬಡಪಾಯಿ. ಅಂಗೈಯಗಲದ ಮಾಮೂಲಿ ಪಂಪು ಕೂಡ ಇದನ್ನು ಸುಲಭವಾಗಿ ಸೋಲಿಸುತ್ತದೆ. ಇದರ ಹೆಚ್ಚುಗಾರಿಕೆ ಬೇರೆ ಕಡೆ ಇದೆ. ಮಾಮೂಲಿ ಪಂಪು ದ್ರವವನ್ನು ಒಂದು ತುದಿಯಲ್ಲಿ ನಿಂತು ತಳ್ಳುತ್ತದೆ. ವಿದ್ಯುತ್ ಕ್ಷೇತ್ರವಾದರೋ ಎಲೆಕ್ಟ್ರೋಡ್ (ವೋಲ್ಟೇಜ್ ಕೊಟ್ಟ ಲೋಹದ ಪಟ್ಟಿ ಅಥವಾ ಮೊನೆ) ಎಲ್ಲಿದೆಯೋ ಅಲ್ಲೇ, ದ್ರವದ ಒಡಲೊಳಗೇ ಬಲ ಹಾಕುತ್ತದೆ. ಶಾಖ ವರ್ಗಾವಣೆಗೆ ಅಡ್ಡಿಯಾಗಿ ನಿಲ್ಲುವುದು ಬಿಸಿ ಗೋಡೆಗೆ ಅಂಟಿಕೊಂಡ ತೆಳು ಪದರ ತಾನೆ? ಆ ಪದರವನ್ನೇ ಹುಡುಕಿ ಕಲಕುವುದು ಈ ಬಲಕ್ಕೆ ಸಾಧ್ಯ.

ಬಲ ಎಲ್ಲಿಂದ ಬರುತ್ತದೆ

ವಿದ್ಯುತ್ ಕ್ಷೇತ್ರದಲ್ಲಿರುವ ದ್ರವದ ಮೇಲಿನ ಬಲಕ್ಕೆ ಮೂರು ಭಾಗ. ಮೊದಲನೆಯದು ಕೂಲಂಬ್ ಬಲ: ದ್ರವದಲ್ಲಿ ಎಲ್ಲಾದರೂ ಧನ ಅಥವಾ ಋಣ ಆವೇಶ ಹೆಚ್ಚುವರಿಯಾಗಿ ಸೇರಿಕೊಂಡಿದ್ದರೆ ಕ್ಷೇತ್ರ ಅದನ್ನು ಎಳೆಯುತ್ತದೆ, ಅದರೊಂದಿಗೆ ಸುತ್ತಲಿನ ದ್ರವವೂ ಎಳೆದುಕೊಂಡು ಹೋಗುತ್ತದೆ. ಎರಡನೆಯದು ಡೈಎಲೆಕ್ಟ್ರೋಫೋರೆಟಿಕ್ ಬಲ. ಇದಕ್ಕೆ ಆವೇಶವೇ ಬೇಡ, ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟರ ಮಟ್ಟಿಗೆ ಧ್ರುವೀಕರಣಗೊಳ್ಳುತ್ತದೆ ಎಂಬ ಅಳತೆ) ಜಾಗದಿಂದ ಜಾಗಕ್ಕೆ ಬದಲಾಗಿದ್ದರೆ ಸಾಕು. ಹೆಚ್ಚು ಪರ್ಮಿಟಿವಿಟಿಯ ವಸ್ತು ಕ್ಷೇತ್ರ ತೀವ್ರವಾಗಿರುವ ಕಡೆಗೆ ಸರಿಯುತ್ತದೆ, ಕಡಿಮೆಯದು ಕ್ಷೇತ್ರ ಮಂದವಾಗಿರುವ ಕಡೆಗೆ ತಳ್ಳಲ್ಪಡುತ್ತದೆ. ದ್ರವದ ನಡುವೆ ಆವಿಯ ಗುಳ್ಳೆ ಇದ್ದರೆ ಈ ಬಲಕ್ಕೆ ಹಬ್ಬ. ಮೂರನೆಯದು ಎಲೆಕ್ಟ್ರೋಸ್ಟ್ರಿಕ್ಷನ್. ಇದು ದ್ರವದ ಒಳಗಿನ ಒತ್ತಡವನ್ನು ಅಲ್ಲಲ್ಲಿ ಏರಿಳಿಸುತ್ತದೆ ಅಷ್ಟೆ. ಒತ್ತಡಕ್ಕೆ ಕುಗ್ಗದ ದ್ರವ ಇದೊಂದರಿಂದಲೇ ಸುತ್ತಿ ಹರಿಯುವುದಿಲ್ಲ, ಹಾಗಾಗಿ ಪಂಪಿನ ಲೆಕ್ಕದಲ್ಲಿ ಇದನ್ನು ಬದಿಗಿಡಬಹುದು.

ಬಲದ ಗಾತ್ರ ಎಷ್ಟೆಂದು ಅಂದಾಜಿಸಲು ಒಂದು ಸರಳ ಸೂತ್ರ ಸಾಕು: ಪರ್ಮಿಟಿವಿಟಿಯ ಅರ್ಧವನ್ನು ಕ್ಷೇತ್ರದ ವರ್ಗದಿಂದ ಗುಣಿಸಿದರೆ ಒತ್ತಡದ ಅಳತೆ ಸಿಗುತ್ತದೆ. ಎಲೆಕ್ಟ್ರಾನಿಕ್ಸ್ ತಂಪುಗೊಳಿಸಲು ಬಳಸುವ ಎಚ್‌ಎಫ್‌ಇ-7100 ದ್ರವವನ್ನೇ ತೆಗೆದುಕೊಳ್ಳಿ. ಅದರ ಸಾಪೇಕ್ಷ ಪರ್ಮಿಟಿವಿಟಿ, ಅಂದರೆ ನಿರ್ವಾತಕ್ಕೆ ಹೋಲಿಸಿದ್ದು, ಸುಮಾರು 7.4. ಮಿಲಿಮೀಟರಿಗೆ 1 ಕಿಲೋವೋಲ್ಟ್ ಕ್ಷೇತ್ರದಲ್ಲಿ ಸಿಗುವುದು 33 ಪ್ಯಾಸ್ಕಲ್. 3 ಕಿಲೋವೋಲ್ಟಿಗೆ ಏರಿಸಿದರೆ 295, ಐದಕ್ಕೆ ಏರಿಸಿದರೆ ಸುಮಾರು 820 ಪ್ಯಾಸ್ಕಲ್. ಅಂದರೆ ಐದು ಕಿಲೋವೋಲ್ಟಿನಲ್ಲೂ ಈ ದ್ರವವನ್ನು ಎತ್ತಬಹುದಾದದ್ದು ಐದೂವರೆ ಸೆಂಟಿಮೀಟರ್ ಎತ್ತರಕ್ಕೆ ಮಾತ್ರ. ಗಾಳಿಯ ಸ್ಥಿತಿ ಇನ್ನೂ ಕಷ್ಟ. ಅದು ಮಿಲಿಮೀಟರಿಗೆ 3 ಕಿಲೋವೋಲ್ಟಿನ ಆಸುಪಾಸಿನಲ್ಲೇ ಕಿಡಿ ಹಾರಿಸಿ ಕೈಚೆಲ್ಲುತ್ತದೆ, ಆ ಮಿತಿಯಲ್ಲಿ ಸಿಗುವುದು ಬರೇ 40 ಪ್ಯಾಸ್ಕಲ್. ಎಲೆಕ್ಟ್ರೋಡ್ ಜೋಡಿಗಳನ್ನು ಸರಣಿಯಲ್ಲಿ ಸೇರಿಸುತ್ತ ಹೋದರೆ ಒತ್ತಡ ಕೂಡುತ್ತದೆ, ನಿಜ. ಆದರೆ ಒಂದೊಂದು ಹಂತದ ಮಿತಿ ಇದು.

ದ್ರವ ಎಷ್ಟು ಹೊತ್ತು ಆವೇಶವನ್ನು ನೆನಪಿಟ್ಟುಕೊಳ್ಳುತ್ತದೆ

ಯಾವ ದ್ರವವನ್ನು ಹೇಗೆ ಪಂಪು ಮಾಡಬೇಕು ಎಂದು ತೀರ್ಮಾನಿಸುವ ಒಂದೇ ಒಂದು ಸಂಖ್ಯೆ ಬೇಕೆಂದರೆ, ಅದು ಆವೇಶ ಚದುರಲು ಹಿಡಿಯುವ ಕಾಲ. ಪರ್ಮಿಟಿವಿಟಿಯನ್ನು ವಾಹಕತೆಯಿಂದ ಭಾಗಿಸಿದರೆ ಇದು ಬರುತ್ತದೆ. ನಲ್ಲಿ ನೀರಿಗೆ ಇದು ಹತ್ತಾರು ನ್ಯಾನೋಸೆಕೆಂಡು. ಆವೇಶ ಸೇರುವ ಮೊದಲೇ ಕರಗಿಹೋಗುತ್ತದೆ. ಅಷ್ಟು ವೋಲ್ಟೇಜ್ ಕೊಟ್ಟರೆ ನೀರು ಹರಿಯುವ ಬದಲು ಬಿಸಿಯಾಗಿ, ವಿಭಜನೆಯಾಗಿ ಗುಳ್ಳೆ ಬಿಡುತ್ತದೆ. ಎಚ್‌ಎಫ್‌ಇ-7100ಗೆ ಸುಮಾರು 2 ಮಿಲಿಸೆಕೆಂಡು. ಚೆನ್ನಾಗಿ ಶುದ್ಧೀಕರಿಸಿದ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಇಪ್ಪತ್ತು ಸೆಕೆಂಡಿನಷ್ಟಾದರೂ ಆದೀತು.

ನೀರನ್ನು ವಿದ್ಯುತ್ತಿನಿಂದ ನೂಕಲು ಬರುವುದೇ ಇಲ್ಲವೆಂದಲ್ಲ. ಅದರ ದಾರಿ ಬೇರೆ: ಎಲೆಕ್ಟ್ರೋ-ಆಸ್ಮಾಸಿಸ್. ಮಾಸ್ಕೋದಲ್ಲಿ ರಾಯ್ಸ್ ಎಂಬ ವಿಜ್ಞಾನಿ ಇದನ್ನು ಜೇಡಿಮಣ್ಣಿನಲ್ಲಿ ಕಂಡು 1809ರಲ್ಲಿ ಪ್ರಕಟಿಸಿದ. ಅಲ್ಲಿ ಆವೇಶ ಇರುವುದು ಗೋಡೆಗೆ ಒತ್ತಿದ ನ್ಯಾನೋಮೀಟರ್ ದಪ್ಪದ ಪದರದಲ್ಲಿ. ಮೀಟರಿಗೆ ಹತ್ತು ಸಾವಿರ ವೋಲ್ಟ್ ಕೊಟ್ಟರೂ ವೇಗ ಸೆಕೆಂಡಿಗೆ ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟು. ಸೂಕ್ಷ್ಮ ಕಾಲುವೆಗಳಿಗೆ ಅದು ಹೇಳಿಮಾಡಿಸಿದ್ದು, ಕಾಲುವೆ ಅಗಲವಾದಂತೆ ಒತ್ತಡ ಕುಸಿದುಬೀಳುತ್ತದೆ. ಇಲ್ಲಿ ಅದನ್ನು ಇಷ್ಟಕ್ಕೇ ಬಿಡೋಣ.

ಪಂಪು ಮಾಡುವ ಮೂರು ದಾರಿ

ಎಲ್ಲಕ್ಕಿಂತ ಹಳೆಯದು ಅಯಾನು ಚುಚ್ಚುವ ದಾರಿ, ಅಂದರೆ ಇಂಜೆಕ್ಷನ್. ಸೂಜಿಮೊನೆಯಂಥ ಎಲೆಕ್ಟ್ರೋಡಿನಿಂದ ಆವೇಶ ನೇರವಾಗಿ ದ್ರವಕ್ಕೆ ಇಳಿಯುತ್ತದೆ, ಮೊನೆ ಮತ್ತು ಅಯಾನು ಒಂದೇ ಜಾತಿಯವಾದ್ದರಿಂದ ಅಯಾನು ದೂರ ತಳ್ಳಲ್ಪಡುತ್ತದೆ, ದ್ರವವನ್ನೂ ಎಳೆದೊಯ್ಯುತ್ತದೆ. ಸ್ಟುಟ್ಸರ್ 1959ರಲ್ಲಿ ಇದರ ಒತ್ತಡದ ಲೆಕ್ಕವನ್ನು ಬರೆದಿಟ್ಟ. ಮೂರೂ ದಾರಿಗಳಲ್ಲಿ ಜೋರು ಇದೇ. ಆದರೆ ಆವೇಶ ಇಳಿಯುವುದೆಂದರೆ ಲೋಹದ ಮೇಲ್ಮೈಯಲ್ಲಿ ರಸಾಯನಕ್ರಿಯೆ ನಡೆಯುವುದೆಂದೇ ಅರ್ಥ. ಮೊನೆ ಮೊಂಡಾಗುತ್ತದೆ, ದ್ರವ ಕೆಡುತ್ತದೆ, ಇವತ್ತಿನ ಒತ್ತಡ ಮುಂದಿನ ತಿಂಗಳು ಇರುವುದಿಲ್ಲ. ಮುಚ್ಚಿದ ವ್ಯವಸ್ಥೆಯಲ್ಲಿ ವರ್ಷಗಟ್ಟಲೆ ಓಡಬೇಕಾದ ಪಂಪಿಗೆ ಇದನ್ನು ಆರಿಸಿಕೊಳ್ಳದಿರುವುದು ಒಳ್ಳೆಯದು.

ಎರಡನೆಯದು ಇಂಡಕ್ಷನ್. ಎಲೆಕ್ಟ್ರೋಡುಗಳ ಸಾಲಿಗೆ ಮೂರು ಫೇಸಿನ ವೋಲ್ಟೇಜ್ ಕೊಟ್ಟರೆ ಅಲೆಯೊಂದು ಸಾಲಿನುದ್ದಕ್ಕೂ ಓಡುತ್ತದೆ. ದ್ರವದ ವಾಹಕತೆ ಎಲ್ಲ ಕಡೆ ಒಂದೇ ಇಲ್ಲದಿದ್ದರೆ, ಬಿಸಿಯ ಏರುಪೇರಿನಿಂದಲೋ ದ್ರವ-ಆವಿಯ ಗಡಿಯಿಂದಲೋ, ಅಲ್ಲಿ ಆವೇಶ ಮೂಡುತ್ತದೆ. ಅಲೆ ಮುಂದೆ, ಆವೇಶ ಸ್ವಲ್ಪ ಹಿಂದೆ. ಆ ತಡವೇ ಎಳೆತವಾಗುತ್ತದೆ. ತಡ ತೀರಾ ಹೆಚ್ಚಾದರೂ ಪ್ರಯೋಜನವಿಲ್ಲ, ತೀರಾ ಕಡಿಮೆಯಾದರೂ ಇಲ್ಲ. ಅಲೆಯ ಕೋನೀಯ ಆವರ್ತನವನ್ನು ಆವೇಶ ಚದುರುವ ಕಾಲದಿಂದ ಗುಣಿಸಿದಾಗ ಒಂದರ ಹತ್ತಿರ ಬಂದರೆ ಎಳೆತ ಚೆನ್ನಾಗಿರುತ್ತದೆ. 2.2 ಮಿಲಿಸೆಕೆಂಡಿನ ದ್ರವಕ್ಕೆ ಇದು 70 ಹರ್ಟ್ಸ್ ಸುಮಾರಿಗೆ ಬರುತ್ತದೆ, ಇಪ್ಪತ್ತು ಸೆಕೆಂಡಿನ ಎಣ್ಣೆಗೆ ಎರಡು ನಿಮಿಷಕ್ಕೊಂದು ಅಲೆ! ಇದರ ಜಾಣ ತೊಡಕು ಇನ್ನೊಂದಿದೆ: ಯಾವ ಬದಿ ಬಿಸಿ ಎನ್ನುವುದರ ಮೇಲೆ ದ್ರವ ಅಲೆಯ ಜೊತೆಗೂ ಹೋಗಬಹುದು, ಎದುರಿಗೂ ಬರಬಹುದು. ಎಲ್ಲ ಕಡೆ ಒಂದೇ ಉಷ್ಣತೆ ಇದ್ದು ಗಡಿಯೂ ಇಲ್ಲದಿದ್ದರೆ ಅಲುಗುವುದೇ ಇಲ್ಲ.

ಮೂರನೆಯದು ಕಂಡಕ್ಷನ್ ಪಂಪಿಂಗ್. ಆರಂಭದಲ್ಲಿ ಹೇಳಿದ ಬೋರ್ಡು ಈ ಜಾತಿಯದು. ಅಟೆನ್ ಮತ್ತು ಸೈಯದ್-ಯಾಗೂಬಿ 2003ರಲ್ಲಿ ಇದರ ಸಿದ್ಧಾಂತವನ್ನು ವಿವರವಾಗಿ ಮಂಡಿಸಿದರು. ಅವಾಹಕ ದ್ರವವೆಂದರೂ ಅದರಲ್ಲಿ ಅಲ್ಪಸ್ವಲ್ಪ ಅಣುಗಳು ಧನ, ಋಣ ಅಯಾನುಗಳಾಗಿ ಒಡೆಯುತ್ತ, ಮತ್ತೆ ಕೂಡಿಕೊಳ್ಳುತ್ತ ಇರುತ್ತವೆ. ಕ್ಷೇತ್ರವಿಲ್ಲದಾಗ ಒಡೆಯುವುದಕ್ಕೂ ಕೂಡುವುದಕ್ಕೂ ಸರಿಸಮ. ಕ್ಷೇತ್ರ ಬಂತೆನ್ನಿ. ಧನ ಎಲೆಕ್ಟ್ರೋಡಿನ ಹತ್ತಿರದ ಧನ ಅಯಾನುಗಳು ಅಲ್ಲಿಂದ ಓಡಿಹೋಗುತ್ತವೆ, ಋಣ ಅಯಾನುಗಳು ಅಲ್ಲಿಗೆ ಬಂದು ಸೇರುತ್ತವೆ, ಕೂಡಿಕೊಳ್ಳಲು ಜೊತೆಗಾರರಿಲ್ಲ. ಹೀಗಾಗಿ ಪ್ರತಿ ಎಲೆಕ್ಟ್ರೋಡಿನ ಮೈಗೆ ತಾಗಿ ಅದಕ್ಕೆ ವಿರುದ್ಧ ಜಾತಿಯ ಆವೇಶದ ಪದರ ನಿಲ್ಲುತ್ತದೆ, ಅದು ಎಲೆಕ್ಟ್ರೋಡಿನ ಕಡೆಗೇ ಸೆಳೆಯಲ್ಪಡುತ್ತದೆ. ಎರಡು ಎಲೆಕ್ಟ್ರೋಡುಗಳೂ ಒಂದೇ ಅಳತೆಯವಾದರೆ ಎಳೆತ ಎಡಕ್ಕೊಂದು ಬಲಕ್ಕೊಂದು, ಕೂಡಿದರೆ ಸೊನ್ನೆ. ಒಂದನ್ನು ಅಗಲ ಮಾಡಿದರೆ ಅದರ ಕೈ ಮೇಲಾಗುತ್ತದೆ.

ಈ ಪದರದ ದಪ್ಪವನ್ನು ಲೆಕ್ಕ ಹಾಕಬಹುದು: ಅಯಾನು ಆ ಕ್ಷೇತ್ರದಲ್ಲಿ ಓಡುವ ವೇಗವನ್ನು ಆವೇಶ ಚದುರುವ ಕಾಲದಿಂದ ಗುಣಿಸಿದರಾಯಿತು. ಎಚ್‌ಎಫ್‌ಇ-7100ರಲ್ಲಿ, ಮಿಲಿಮೀಟರಿಗೆ 1 ಕಿಲೋವೋಲ್ಟಿನಲ್ಲಿ ಅಯಾನು ಸೆಕೆಂಡಿಗೆ ಸುಮಾರು ಮೂರೂವರೆ ಸೆಂಟಿಮೀಟರ್ ಓಡುತ್ತದೆ. ಪದರದ ದಪ್ಪ 75 ಮೈಕ್ರಾನ್ ಸುಮಾರು. ಅರ್ಧ ಮಿಲಿಮೀಟರ್ ಅಂತರದೊಳಗೆ ಇದು ಹಿತವಾಗಿ ಹಿಡಿಸುತ್ತದೆ. ಶುದ್ಧ ಟ್ರಾನ್ಸ್‌ಫಾರ್ಮರ್ ಎಣ್ಣೆಗೆ ಇದೇ ಲೆಕ್ಕ ಹಾಕಿದರೆ ನಾಲ್ಕು ಸೆಂಟಿಮೀಟರ್ ಬರುತ್ತದೆ! ಪದರಕ್ಕೆ ನಿಲ್ಲಲು ಜಾಗವೇ ಇಲ್ಲ, ಎರಡು ಕಡೆಯ ಪದರಗಳು ಒಂದರ ಮೇಲೊಂದು ಬಿದ್ದು ಪಂಪು ಸೋಲುತ್ತದೆ. ಹೆಚ್ಚು ಶುದ್ಧವಾದ ದ್ರವ ಒಳ್ಳೆಯ ಪಂಪು ದ್ರವವಾಗಬೇಕಿಲ್ಲ ಎಂಬ ವಿಚಿತ್ರ ಇಲ್ಲಿಂದ ಬರುತ್ತದೆ.

ಕ್ಷೇತ್ರ ಮಿಲಿಮೀಟರಿಗೆ ಒಂದು ಕಿಲೋವೋಲ್ಟಿನ ಆಸುಪಾಸು ದಾಟಿದ ಮೇಲೆ ಒಡೆಯುವ ಅಣುಗಳ ಸಂಖ್ಯೆಯೇ ಹೆಚ್ಚುತ್ತದೆ. ಇದು ಆನ್‌ಸಾಗರ್ 1934ರಲ್ಲಿ ತೋರಿಸಿದ ಪರಿಣಾಮ. ಕರೆಂಟು ಓಮ್‌ನ ನಿಯಮ ಹೇಳುವುದಕ್ಕಿಂತ ಬೇಗ ಏರುವುದಕ್ಕೆ ಒಂದು ಕಾರಣ ಇದು. ಇನ್ನೂ ಮೇಲೆ ಹೋದರೆ ಎಲೆಕ್ಟ್ರೋಡಿನ ಚೂಪು ಅಂಚುಗಳಿಂದ ಆವೇಶ ಇಳಿಯಲು ಶುರು. ಅದು ಎಲೆಕ್ಟ್ರೋಡಿನಿಂದ ದೂರ ತಳ್ಳುವ ಬಲ, ಕಂಡಕ್ಷನ್ನಿಗೆ ನೇರ ವಿರೋಧಿ. ವೋಲ್ಟೇಜ್ ಏರಿಸಿದಂತೆ ಹರಿವು ಹೆಚ್ಚದೆ ನಿಂತರೆ, ಅಥವಾ ಹಿಮ್ಮುಖವಾದರೆ, ಮೊದಲು ಸಂಶಯ ಪಡಬೇಕಾದದ್ದು ಇದನ್ನೇ.

ಕಟ್ಟುವುದಾದರೆ

ಅಳತೆಗಳು: ಸಪೂರ ಎಲೆಕ್ಟ್ರೋಡ್ 0.5 ಮಿ.ಮೀ., ನಡುವಿನ ಅಂತರ 0.5, ಅಗಲದ್ದು 1.5, ಮುಂದಿನ ಜೋಡಿಗೆ ಮೊದಲು 1.5 ಮಿ.ಮೀ. ಖಾಲಿ. ಒಂದು ಜೋಡಿಗೆ 4 ಮಿ.ಮೀ., ಹತ್ತು ಜೋಡಿಗೆ 40. ಕಾಲುವೆಯ ಅಗಲ 20 ಮಿ.ಮೀ., ಆಳ 1. ಜೋಡಿಗಳ ನಡುವೆ ಇಷ್ಟೊಂದು ಜಾಗ ಯಾಕೆ ಹಾಳುಮಾಡಬೇಕು ಎನಿಸುತ್ತದೆ. ಅಗಲದ ಪಟ್ಟಿಗೆ ಹಿಂದಿನ ಸಪೂರ ಪಟ್ಟಿ ಹೇಗೆ ಜೊತೆಯೋ ಮುಂದಿನ ಜೋಡಿಯ ಸಪೂರ ಪಟ್ಟಿಯೂ ಹಾಗೆಯೇ ಜೊತೆ, ಆದರೆ ಅದು ಉಲ್ಟಾ ಎಳೆಯುತ್ತದೆ. ಅಂತರ ಮೂರು ಪಟ್ಟಾದರೆ ಕ್ಷೇತ್ರ ಮೂರರಲ್ಲೊಂದು, ಒತ್ತಡ ಒಂಬತ್ತರಲ್ಲೊಂದು. ಆ ಒಂಬತ್ತರಲ್ಲೊಂದು ನಷ್ಟವನ್ನು ಸಹಿಸಿಕೊಳ್ಳಬಹುದು. ಜಾಗ ಉಳಿಸಲು ಹೋಗಿ ಅಂತರ ಕಡಿಮೆ ಮಾಡಿದರೆ ಪಂಪು ತನ್ನೊಡನೆ ತಾನೇ ಜಗಳ ಆಡುತ್ತದೆ.

1.5 ಕಿಲೋವೋಲ್ಟ್ ಕೊಟ್ಟರೆ ಜೋಡಿಯೊಳಗಿನ ಕ್ಷೇತ್ರ ಮಿಲಿಮೀಟರಿಗೆ 3 ಕಿಲೋವೋಲ್ಟ್. ಹತ್ತು ಜೋಡಿಯ ಕಾಗದದ ಲೆಕ್ಕ 2,950 ಪ್ಯಾಸ್ಕಲ್. ಬಲ ಗೋಡೆಯ ಹತ್ತಿರ ಮಾತ್ರ ಇರುವುದರಿಂದ, ಬಹುಪಾಲು ಒಂದಕ್ಕೊಂದು ವಜಾ ಆಗುವುದರಿಂದ, ವಿನ್ಯಾಸ ಮಾಡುವಾಗ ಅದರ ಹತ್ತರಲ್ಲೊಂದು ಪಾಲನ್ನು ಮಾತ್ರ ನಂಬುವುದು ಕ್ಷೇಮ. 300 ಪ್ಯಾಸ್ಕಲ್ ಎಂದಿಟ್ಟುಕೊಳ್ಳಿ. ಈಗ ಸೆಕೆಂಡಿಗೆ 1 ಗ್ರಾಂ ದ್ರವವನ್ನು ಅರ್ಧ ಮೀಟರ್ ಉದ್ದದ ಕೊಳವೆಯಲ್ಲಿ ಸುತ್ತಿಸಬೇಕು. ಒಳವ್ಯಾಸ 4 ಮಿ.ಮೀ. ಇದ್ದರೆ ಕೊಳವೆ ತಿನ್ನುವುದು 30 ಪ್ಯಾಸ್ಕಲ್, ಕೆಲಸ ಸಲೀಸು. 2 ಮಿ.ಮೀ. ಕೊಳವೆ ಹಾಕಿದರೆ ಸುಮಾರು 490 ಪ್ಯಾಸ್ಕಲ್ ಬೇಕು, ಹರಿವು ಆ ಮಟ್ಟ ಮುಟ್ಟುವುದೇ ಇಲ್ಲ. ಪಂಪು ಸರಿಯಿಲ್ಲ ಎಂದು ದೂರುವ ಮೊದಲು ಕೊಳವೆ, ಮೂಲೆಗಳು, ಜೋಡಣೆಗಳ ಒಳವ್ಯಾಸ ಅಳೆದು ನೋಡುವುದು ಲೇಸು.

ಆ 1 ಗ್ರಾಂ ಹರಿವು ಎಷ್ಟು ಶಾಖ ಹೊರುತ್ತದೆ? ದ್ರವವಾಗಿಯೇ 10 ಡಿಗ್ರಿ ಬಿಸಿಯಾದರೆ 12 ವ್ಯಾಟ್. ಕುದಿದು ಪೂರ್ತಿ ಆವಿಯಾದರೆ ಸುಮಾರು 110 ವ್ಯಾಟ್. ಇದಕ್ಕೆ ಪಂಪು ಕುಡಿಯುವ ವಿದ್ಯುತ್ತು 27 ಮೈಕ್ರೋಆಂಪ್ ಸುಮಾರು, ಅಂದರೆ 40 ಮಿಲಿವ್ಯಾಟ್. ಅದರಲ್ಲಿ ಹರಿವಿನ ಕೆಲಸಕ್ಕೆ ದಕ್ಕುವುದು 0.2 ಮಿಲಿವ್ಯಾಟ್ ಮಾತ್ರ, ದಕ್ಷತೆ ಶೇಕಡಾ ಅರ್ಧ. ಈ ಸಂಖ್ಯೆ ನೋಡಿ ಮೂಗು ಮುರಿಯುವವರಿದ್ದಾರೆ. 40 ಮಿಲಿವ್ಯಾಟ್ ಕೊಟ್ಟು 110 ವ್ಯಾಟ್ ಶಾಖ ಸಾಗಿಸುವಲ್ಲಿ ಪಂಪಿನ ದಕ್ಷತೆ ಯಾರಿಗೂ ಬೇಡದ ಲೆಕ್ಕ.

ವಿದ್ಯುತ್ ಪೂರೈಕೆಗೆ 0ದಿಂದ 3 ಕಿಲೋವೋಲ್ಟ್‌ವರೆಗೆ ಹೊಂದಿಸಬಹುದಾದ, ಕರೆಂಟಿಗೆ ಮಿತಿ ಹಾಕಬಹುದಾದ ಡಿಸಿ ಘಟಕ ಬೇಕು. ಹೈವೋಲ್ಟೇಜ್ ತಂತಿಯಲ್ಲಿ ಸರಣಿಯಾಗಿ 1 ಮೆಗಾಓಮ್ ರೆಸಿಸ್ಟರ್ ಹಾಕಿ: ಮಾಮೂಲಿ ಓಟದಲ್ಲಿ ಅದು ನುಂಗುವುದು 27 ವೋಲ್ಟ್, ಕಿಡಿ ಹಾರಿದರೆ ಕರೆಂಟನ್ನು 1.5 ಮಿಲಿಆಂಪಿಗೆ ಹಿಡಿದು ನಿಲ್ಲಿಸುತ್ತದೆ. ಕರೆಂಟನ್ನು ಯಾವತ್ತೂ ಗ್ರೌಂಡ್ ಬದಿಯಲ್ಲೇ ಅಳೆಯಬೇಕು. 10 ಕಿಲೋಓಮ್ ರೆಸಿಸ್ಟರಿನ ಮೇಲೆ 0.27 ವೋಲ್ಟ್ ಬರುತ್ತದೆ, ಸಾಧಾರಣ ಮೀಟರಿಗೆ ಸಾಕು. ಆ ರೆಸಿಸ್ಟರ್ ಕಡಿದುಹೋದರೆ ಪೂರ್ತಿ ವೋಲ್ಟೇಜ್ ಮೀಟರಿನ ಮೇಲೆ ಬೀಳುತ್ತದೆ, ಹಾಗಾಗಿ ಅದರ ಜೊತೆ ಸಮಾಂತರವಾಗಿ ಜೆನರ್ ಡಯೋಡ್ (ವೋಲ್ಟೇಜ್ ಒಂದು ಮಿತಿ ದಾಟದಂತೆ ಹಿಡಿಯುವ ಬಿಡಿಭಾಗ) ಇರಲಿ. ಪೂರೈಕೆ ನಿಲ್ಲಿಸಿದ ಮೇಲೂ ಅದರ ಕೆಪಾಸಿಟರುಗಳಲ್ಲಿ ಆವೇಶ ಉಳಿದಿರುತ್ತದೆ. ಗ್ರೌಂಡಿಗೆ ತಾಗಿಸಿದ ಮೇಲೆಯೇ ಕೈ ಹಾಕುವುದು.

ದ್ರವ ತುಂಬುವ ಮುನ್ನಿನ ಕೆಲಸದಲ್ಲಿ ಆತುರ ಬೇಡ. ಬೋರ್ಡಿನ ಮೇಲೆ ಬೆಸುಗೆಯ ಫ್ಲಕ್ಸ್ ಉಳಿದಿದ್ದರೆ ಅದು ದ್ರವಕ್ಕೆ ಬೆರೆತು ವಾಹಕತೆಯನ್ನು ಮನಸೋಇಚ್ಛೆ ಏರಿಸುತ್ತದೆ. ಐಸೋಪ್ರೊಪೈಲ್ ಆಲ್ಕೊಹಾಲಿನಲ್ಲಿ ತೊಳೆದು, 100 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕೆಲವು ಗಂಟೆ ಒಣಗಿಸಬೇಕು. ಬೋರ್ಡಿನ ಒಡಲಾದ ಎಪಾಕ್ಸಿಯೇ ನೀರು ಹೀರಿಕೊಂಡಿರುತ್ತದೆ. ಪಿವಿಸಿ ಕೊಳವೆ, ಮಾಮೂಲಿ ರಬ್ಬರ್ ವಾಷರ್ ಹಾಕಬೇಡಿ. ಅವನ್ನು ಮೆತ್ತಗಿಡುವ ಪ್ಲಾಸ್ಟಿಸೈಜರ್ ಎಂಬ ಪದಾರ್ಥವನ್ನು ಇಂಥ ದ್ರವಗಳು ಹೀರಿ ಹೊರತೆಗೆಯುತ್ತವೆ. ಪಿಟಿಎಫ್‌ಇ (ಟೆಫ್ಲಾನ್) ಒಳ್ಳೆಯದು. ಇನ್ನು ಗಾಳಿ: ಎಚ್‌ಎಫ್‌ಇ-7100 ತನ್ನ ಗಾತ್ರದ ಅರ್ಧದಷ್ಟು ಗಾಳಿಯನ್ನು ಕರಗಿಸಿಕೊಂಡಿರಬಲ್ಲದು. ಮೇಲೆ ಕಂಡೆನ್ಸರ್ ಇಟ್ಟು ಅರ್ಧ ಗಂಟೆ ಕುದಿಸಿ, ಹೊರಬಂದ ಗಾಳಿಯನ್ನು ಹೊರಹಾಕಿ, ಆಮೇಲೆ ಮುಚ್ಚುವುದು ರೂಢಿ. ಇದನ್ನು ಬಿಟ್ಟರೆ ಬಿಸಿಯಾದೊಡನೆ ಎಲೆಕ್ಟ್ರೋಡುಗಳ ನಡುವೆಯೇ ಗುಳ್ಳೆ ಏಳುತ್ತದೆ. ಗುಳ್ಳೆಯೊಳಗಿನ ಕ್ಷೇತ್ರ ಹೊರಗಿನದಕ್ಕಿಂತ 1.4 ಪಟ್ಟು ಹೆಚ್ಚು, ಅನಿಲದ ತಾಳಿಕೆ ದ್ರವದ್ದಕ್ಕಿಂತ ಕಡಿಮೆ. ಮೊದಲ ಕಿಡಿ ಹಾರುವುದು ಅಲ್ಲಿಂದಲೇ.

ಕಿಡಿಗೆ ಇನ್ನೊಂದು ಮಾಮೂಲಿ ಕಾರಣ ನಾರು. ಒರೆಸುವ ಬಟ್ಟೆಯಿಂದ ಉದುರಿದ ಎಳೆ ತೇವ ಹೀರಿಕೊಂಡಿರುತ್ತದೆ, ಅದರ ಪರ್ಮಿಟಿವಿಟಿ ದ್ರವಕ್ಕಿಂತ ಹೆಚ್ಚು. ಹಾಗಾಗಿ ಕ್ಷೇತ್ರವೇ ಅದನ್ನು ಹುಡುಕಿ ತಂದು ಅಂತರದೊಳಗೆ ನಿಲ್ಲಿಸುತ್ತದೆ. ಒಂದರ ಬಾಲಕ್ಕೆ ಇನ್ನೊಂದು ಸೇರಿ ಸೇತುವೆ ಕಟ್ಟುತ್ತವೆ. ದ್ರವವನ್ನು ಸಣ್ಣ ರಂಧ್ರದ ಫಿಲ್ಟರಿನಲ್ಲಿ ಸೋಸಿ ತುಂಬಬೇಕು, ತುಂಬಿದ ಮೇಲೆ ಓಡುವ ಸುತ್ತಿನಲ್ಲಿ ಫಿಲ್ಟರ್ ಇಡಲಾಗದು. ಅದರ ತಡೆಯನ್ನು ಈ ಪಂಪು ದಾಟಲಾರದು.

ಎಲ್ಲ ಸರಿಯಿದ್ದೂ ಕರೆಂಟು ಗಂಟೆಗಟ್ಟಲೆ ಮೆಲ್ಲಗೆ ಇಳಿಯುತ್ತಿದ್ದರೆ ಗಾಬರಿ ಬೇಡ. ಕಲ್ಮಶದ ಅಯಾನುಗಳನ್ನು ಎಲೆಕ್ಟ್ರೋಡುಗಳು ಹಿಡಿದಿಟ್ಟುಕೊಂಡು ದ್ರವ ತಾನೇ ಶುದ್ಧವಾಗುತ್ತಿದೆ. ಮೆಲ್ಲಗೆ ಏರುತ್ತಿದ್ದರೆ ತೇವ ಒಳಬರುತ್ತಿದೆ, ಇಲ್ಲವೇ ಏನೋ ಕರಗುತ್ತಿದೆ, ಇಲ್ಲವೇ ದ್ರವ ಬಿಸಿಯಾಗುತ್ತಿದೆ. ಒಮ್ಮೆಲೇ ನೆಗೆದರೆ ಕಿಡಿ. ಫ್ಲೋರಿನ್ ಇರುವ ದ್ರವದಲ್ಲಿ ಪದೇಪದೇ ಕಿಡಿ ಹಾರಿದರೆ ದ್ರವ ಒಡೆದು ಹೈಡ್ರೋಜನ್ ಫ್ಲೋರೈಡಿನಂಥ ವಿಷ ಹುಟ್ಟಬಹುದು, ಆದ್ದರಿಂದ ಗಾಳಿಯಾಡುವ ಜಾಗ ಕಡ್ಡಾಯ. ಈ ಬಳಗದ ದ್ರವಗಳ ಭವಿಷ್ಯವೂ ಅಷ್ಟು ಭದ್ರವಿಲ್ಲ: ಎಚ್‌ಎಫ್‌ಇ-7100 ತಯಾರಿಸುತ್ತಿದ್ದ 3ಎಂ ಕಂಪನಿ ಪಿಎಫ್‌ಎಎಸ್ (ಫ್ಲೋರಿನ್ ಇರುವ, ಪರಿಸರದಲ್ಲಿ ಬೇಗ ಕೊಳೆಯದ) ರಾಸಾಯನಿಕಗಳ ತಯಾರಿಕೆಯನ್ನು 2025ರ ಕೊನೆಯೊಳಗೆ ಬಿಡುವುದಾಗಿ 2022ರ ಡಿಸೆಂಬರಿನಲ್ಲಿ ಘೋಷಿಸಿತು. ಬದಲಿ ದ್ರವ ಆರಿಸುವವರು ಕುದಿಬಿಂದುವನ್ನಷ್ಟೇ ನೋಡಿದರೆ ಸಾಲದು. ವಾಹಕತೆ ಹತ್ತು ಪಟ್ಟು ಬದಲಾದರೆ ಆವೇಶದ ಪದರವೂ ಹತ್ತು ಪಟ್ಟು ಬದಲಾಗುತ್ತದೆ, ಎಲೆಕ್ಟ್ರೋಡಿನ ಅಳತೆಯನ್ನೇ ಹೊಸದಾಗಿ ಹಾಕಬೇಕಾದೀತು.

ಗಾಳಿಯಲ್ಲಿ

ಹಾಕ್ಸ್‌ಬೀ 1709ರಲ್ಲೇ ಆವೇಶಗೊಂಡ ಕೊಳವೆಯ ಹತ್ತಿರ ಗಾಳಿ ಸುಳಿದಂತಾಗುವುದನ್ನು ದಾಖಲಿಸಿದ್ದ. ತೆಳು ತಂತಿಗೆ ಕೆಲವು ಕಿಲೋವೋಲ್ಟ್ ಕೊಟ್ಟರೆ ಅದರ ಸುತ್ತ ಕರೋನಾ (ಗಾಳಿ ಅಯಾನುಗಳಾಗಿ ಒಡೆಯುವ ಮಂದ ವಿದ್ಯುತ್ ವಿಸರ್ಜನೆ) ಹೊತ್ತಿ, ಅಯಾನುಗಳು ಗ್ರೌಂಡಿನತ್ತ ಓಡುತ್ತ ಗಾಳಿಯನ್ನು ನೂಕುತ್ತವೆ. ಸೆಕೆಂಡಿಗೆ ಒಂದೆರಡು ಮೀಟರ್ ವೇಗದ ಗಾಳಿ ಸುಲಭವಾಗಿ ಸಿಗುತ್ತದೆ. ಆದರೆ ಅಯಾನು ಮಾತ್ರ ಮಿಲಿಮೀಟರಿಗೆ 1 ಕಿಲೋವೋಲ್ಟಿನಲ್ಲಿ ಸೆಕೆಂಡಿಗೆ 180 ಮೀಟರ್ ಓಡುತ್ತಿರುತ್ತದೆ. ಗಾಳಿಗೆ 2, ಅಯಾನಿಗೆ 180: ಶಕ್ತಿಯಲ್ಲಿ ಶೇಕಡಾ ಒಂದರಷ್ಟೇ ಗಾಳಿಗೆ, ಉಳಿದದ್ದೆಲ್ಲ ಬಿಸಿ. ದ್ರವದಲ್ಲಿ ಅಯಾನು ಇಷ್ಟು ಹಗುರಾಗಿ ಜಾರಿಕೊಳ್ಳುವುದಿಲ್ಲ, ದ್ರವವೇ ಅದನ್ನು ಹೊತ್ತುಕೊಂಡು ಸುತ್ತುತ್ತದೆ. ಇಎಚ್‌ಡಿ ದ್ರವಗಳಲ್ಲೇ ಹೆಚ್ಚು ಮೆರೆಯುವುದು ಅದಕ್ಕೇ. ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದವರು 2018ರಲ್ಲಿ 5 ಮೀಟರ್ ರೆಕ್ಕೆಯ, 2.45 ಕಿಲೋ ತೂಕದ ವಿಮಾನವನ್ನು 40 ಕಿಲೋವೋಲ್ಟಿನ ಅಯಾನು ಗಾಳಿಯಲ್ಲೇ 60 ಮೀಟರ್ ಹಾರಿಸಿದ್ದು ನಿಜ. ಎಲೆಕ್ಟ್ರಾನಿಕ್ ಚಿಪ್ ತಂಪು ಮಾಡುವ ಕೆಲಸದಲ್ಲಿ ಎರಡು ತಲೆನೋವು ಉಳಿದೇ ಇವೆ. ಒಂದು ಓಝೋನ್, ಋಣ ಕರೋನಾ ಧನದ್ದಕ್ಕಿಂತ ಬಹಳ ಹೆಚ್ಚು ಹುಟ್ಟಿಸುತ್ತದೆ, ಆದ್ದರಿಂದ ತಂತಿಗೆ ಧನ ವೋಲ್ಟೇಜನ್ನೇ ಕೊಡಿ. ಇನ್ನೊಂದು, ಸುತ್ತಲಿನ ಸಿಲಿಕೋನ್ ಅಂಟುಗಳಿಂದ ಏಳುವ ಆವಿ ಕರೋನಾದಲ್ಲಿ ಉರಿದು ತಂತಿಯ ಮೇಲೆ ಸಿಲಿಕಾ ಆಗಿ ಕಟ್ಟಿಕೊಳ್ಳುವುದು. ಒರೆಸುತ್ತಿರಬೇಕು, ಬೇರೆ ದಾರಿಯಿಲ್ಲ.

ಶಾಖದ ಕೆಲಸ

ಕುದಿಯದ, ಬರೀ ದ್ರವ ಇರುವಲ್ಲಿ ಕ್ಷೇತ್ರದ ಕೆಲಸ ಗೋಡೆಯ ಪದರವನ್ನು ಕಲಕುವುದು. ಇದಕ್ಕೆ ಎಷ್ಟು ವೋಲ್ಟೇಜ್ ಬೇಕು ಎಂಬುದರಲ್ಲಿ ಒಂದು ಸೊಗಸಿದೆ. ಎರಡು ಸಮಾಂತರ ಫಲಕಗಳ ನಡುವೆ ಆವೇಶವನ್ನು ಧಾರಾಳವಾಗಿ ಇಳಿಸುವಂತಿದ್ದರೆ, ದ್ರವ ತಾನೇ ಸುಳಿಯಲಾರಂಭಿಸುವ ಮಿತಿ ಒಂದು ಶುದ್ಧ ಸಂಖ್ಯೆ: ಪರ್ಮಿಟಿವಿಟಿ ಗುಣಿಸು ವೋಲ್ಟೇಜ್, ಭಾಗಿಸು ಸ್ನಿಗ್ಧತೆ ಮತ್ತು ಅಯಾನಿನ ಚಲನಶೀಲತೆಯ (ಎಷ್ಟು ಕ್ಷೇತ್ರಕ್ಕೆ ಅಯಾನು ಎಷ್ಟು ವೇಗವಾಗಿ ಓಡುತ್ತದೆ ಎಂಬ ಅಳತೆ) ಗುಣಲಬ್ಧ. ಸಿದ್ಧಾಂತದ ಲೆಕ್ಕ 161, ಪ್ರಯೋಗದಲ್ಲಿ ಸುಮಾರು 100ಕ್ಕೇ ಶುರುವಾಗುತ್ತದೆ. ಈ ಸೂತ್ರದಲ್ಲಿ ಫಲಕಗಳ ಅಂತರ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಸಾಧಾರಣ ಎಣ್ಣೆಗೆ ನೂರು-ನೂರರವತ್ತು ವೋಲ್ಟ್ ಸಾಕಾದೀತು! ಎಣ್ಣೆ ಮಂದವಾಗಿ ಮಲಗಿರುವ, ಸಹಜ ಸಂವಹನ (ಬಿಸಿ ದ್ರವ ತಾನೇ ಮೇಲೇರಿ ಸುತ್ತುವುದು) ದುರ್ಬಲವಾಗಿರುವ ಜಾಗದಲ್ಲೇ ಇದರ ಲಾಭ ದೊಡ್ಡದು. ಈಗಾಗಲೇ ರಭಸದಿಂದ ಸುಳಿಸುಳಿಯಾಗಿ ಹರಿಯುತ್ತಿರುವ ಕಡೆ ಕ್ಷೇತ್ರ ಹಾಕಿ ಪ್ರಯೋಜನವಿಲ್ಲ.

ಕುದಿಯುವಲ್ಲಿ ಆಟ ಬದಲಾಗುತ್ತದೆ. ಗುಳ್ಳೆಯ ಪರ್ಮಿಟಿವಿಟಿ 1, ದ್ರವದ್ದು 7.4; ಡೈಎಲೆಕ್ಟ್ರೋಫೋರೆಟಿಕ್ ಬಲ ಗುಳ್ಳೆಯನ್ನು ತೀವ್ರ ಕ್ಷೇತ್ರದಿಂದ ಆಚೆ ದೂಡುತ್ತದೆ. ಮಿಲಿಮೀಟರಿಗೆ 2 ಕಿಲೋವೋಲ್ಟ್ ಕ್ಷೇತ್ರ 2 ಮಿಲಿಮೀಟರಿನೊಳಗೆ ಪೂರ್ತಿ ಇಳಿದುಹೋಗುವಂತೆ ಎಲೆಕ್ಟ್ರೋಡ್ ರೂಪಿಸಿದರೆ, ಗುಳ್ಳೆಯ ಮೇಲಿನ ಬಲ ಅದನ್ನು ಮೇಲಕ್ಕೆತ್ತುವ ತೇಲುಬಲದ ಐದು ಪಟ್ಟು ಬರುತ್ತದೆ. ಗುರುತ್ವವನ್ನೇ ಐದು ಪಟ್ಟು ಮಾಡಿದ ಹಾಗೆ, ಅದೂ ಬೇಕಾದ ದಿಕ್ಕಿಗೆ. ಗುಳ್ಳೆ ಚಿಕ್ಕದಿರುವಾಗಲೇ ಗೋಡೆ ಬಿಡುತ್ತದೆ, ಅದರ ಜಾಗಕ್ಕೆ ದ್ರವ ನುಗ್ಗುತ್ತದೆ. ಬಿಸಿ ಗೋಡೆಯನ್ನು ಆವಿಯ ಹೊದಿಕೆ ಪೂರ್ತಿ ಮುಚ್ಚಿ ಉಷ್ಣತೆ ದಿಢೀರನೆ ನೆಗೆಯುವ ಅಪಾಯದ ಮಿತಿಯೂ ಮೇಲಕ್ಕೆ ಸರಿಯುತ್ತದೆ. ಎಲೆಕ್ಟ್ರೋಡಿನ ಆಕಾರ ತಪ್ಪಿದರೆ ಇದೇ ಬಲ ಶತ್ರುವಾಗುತ್ತದೆ: ಗೋಡೆಯಿಂದ ದೂರದಲ್ಲಿ ಕ್ಷೇತ್ರ ತೀವ್ರವಾಗಿದ್ದರೆ ಗುಳ್ಳೆಗಳನ್ನು ಗೋಡೆಗೇ ಒತ್ತಿ ಹಿಡಿಯುತ್ತದೆ. ತಂತಿಯ ಎಲೆಕ್ಟ್ರೋಡನ್ನು ಬಿಸಿ ಫಲಕದ ಎದುರು ಇಡುವಾಗ ಈ ತಪ್ಪು ಸುಲಭವಾಗಿ ಆಗುತ್ತದೆ, ಏಕೆಂದರೆ ತಂತಿಯ ಮೈಯಲ್ಲೇ ಕ್ಷೇತ್ರ ಅತಿ ಹೆಚ್ಚು. ತೀವ್ರತೆ ಗೋಡೆಯಲ್ಲೇ ಇರಬೇಕೆಂದರೆ ಎಲೆಕ್ಟ್ರೋಡುಗಳನ್ನು ಗೋಡೆಯ ಮೇಲೆಯೇ ಪಟ್ಟಿಗಳಾಗಿ ಕೊರೆಯುವುದು ಉತ್ತಮ.

ಆವಿ ತಣಿದು ದ್ರವವಾಗುವಲ್ಲಿ ಇದೇ ಮಾತು ತಿರುಗುಮುರುಗು. ತಣ್ಣನೆಯ ಗೋಡೆಯ ಮೇಲೆ ಕಟ್ಟಿದ ದ್ರವದ ಪದರವೇ ಅಲ್ಲಿ ಶಾಖಕ್ಕೆ ಅಡ್ಡಿ. ಎದುರಿಗೆ ಜಾಲರಿಯಂಥ ಎಲೆಕ್ಟ್ರೋಡ್ ಇಟ್ಟರೆ ದ್ರವ ಕಂಬಗಳಾಗಿ ಅದರತ್ತ ಎದ್ದು ಪದರ ತೆಳುವಾಗುತ್ತದೆ. ವೆಲ್ಕಾಫ್ ಮತ್ತು ಮಿಲ್ಲರ್ 1965ರಲ್ಲಿ ಲಂಬ ಫಲಕದ ಮೇಲೆ ಇದನ್ನು ಪರೀಕ್ಷಿಸಿದರು.

ಗುರುತ್ವ ಇಲ್ಲದ ಕಡೆ ಇದರ ಬೆಲೆ ಇನ್ನೂ ಹೆಚ್ಚು. ಅಲ್ಲಿ ಗುಳ್ಳೆಗೆ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಿಲ್ಲ, ಹುಟ್ಟಿದಲ್ಲೇ ಕುಳಿತು ದೊಡ್ಡದಾಗುತ್ತದೆ. ನಾಸಾ ಎಸ್‌ಟಿಪಿ-ಎಚ್5 ಎಂಬ ಪ್ರಯೋಗಗಳ ಕಟ್ಟಿನೊಂದಿಗೆ ಇಎಚ್‌ಡಿ ಶೀತಕ ಪ್ರಯೋಗವನ್ನು 2017ರ ಫೆಬ್ರವರಿಯಲ್ಲಿ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ ಕಳಿಸಿತು.

ಕೊನೆಗೆ ಅಳತೆಯ ಮಾತು. ಈ ವಿಷಯದ ಅಧ್ಯಯನಗಳಲ್ಲಿ ಶಾಖ ವರ್ಗಾವಣೆ ಹಲವು ಪಟ್ಟು ಹೆಚ್ಚಿತು ಎಂಬ ಫಲಿತಾಂಶ ಕಂಡರೆ ಮೊದಲು ಕೇಳಬೇಕಾದದ್ದು, ಯಾವುದಕ್ಕಿಂತ? ನಿಂತ ದ್ರವಕ್ಕೆ ಹೋಲಿಸಿದ್ದರೆ ಹೆಚ್ಚಳ ದೊಡ್ಡದಾಗಿ ಕಾಣುವುದು ಸಹಜ. ಕ್ಷೇತ್ರವಿಲ್ಲದ ಮತ್ತು ಇರುವ ಎರಡೂ ಓಟಗಳಲ್ಲಿ ಗೋಡೆಗೆ ಕೊಡುವ ಶಾಖ ಒಂದೇ ಇರಬೇಕು, ಪಂಪು ತಾನೇ ಹುಟ್ಟಿಸಿದ ಬಿಸಿಯನ್ನು ಕಳೆಯಬೇಕು. ಉಷ್ಣತೆ ಅಳೆಯುವ ಥರ್ಮೋಕಪಲ್ ತಂತಿಯೇ ಕ್ಷೇತ್ರದೊಳಗೆ ಎಲೆಕ್ಟ್ರೋಡಿನಂತೆ ವರ್ತಿಸಿ ಹರಿವನ್ನು ಬದಲಿಸಬಲ್ಲದು, ಹೈವೋಲ್ಟೇಜ್ ಅದರ ಮೂಲಕ ಅಳೆಯುವ ಉಪಕರಣಕ್ಕೂ ನುಗ್ಗಬಲ್ಲದು. ಗ್ರೌಂಡ್ ಆದ ಗೋಡೆಯ ಒಳಗೆ ರಂಧ್ರ ಕೊರೆದು ಅದನ್ನು ಹುದುಗಿಸಿಡುವುದು ಸುರಕ್ಷಿತ. ಹರಿವಿಗೆ ಕಾರಣ ಕಂಡಕ್ಷನ್ನೋ ಇಂಜೆಕ್ಷನ್ನೋ ಎಂಬ ಅನುಮಾನ ಉಳಿದರೆ ಧನ-ಋಣ ತಂತಿಗಳನ್ನು ಅದಲುಬದಲು ಮಾಡಿ ನೋಡಿ: ಕಂಡಕ್ಷನ್ನಿನ ಹರಿವು ದಿಕ್ಕು ಬದಲಿಸದೆ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ, ಇಂಜೆಕ್ಷನ್ ಬೆರೆತಿದ್ದರೆ ಎರಡು ಅಳತೆಗಳ ನಡುವೆ ವ್ಯತ್ಯಾಸ ಎದ್ದು ಕಾಣುತ್ತದೆ.